ಘಟ್ಟದ ಕಾಡಲ್ಲಿ ದಾರಿಗೆ ಯಾವುದನ್ನು ನಂಬುವುದು: ಗೈಡ್, ಫೋನ್, ದಿಕ್ಸೂಚಿ, ಜಿಪಿಎಸ್

ಚಾರಣಕ್ಕೆ ಹೊರಡುವವರು ಶೂ ಯಾವುದು, ಬ್ಯಾಗ್ ಎಷ್ಟು ಲೀಟರಿನದು ಎಂದು ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ದಾರಿ ಹೇಗೆ ಹುಡುಕಿಕೊಳ್ಳುತ್ತೀರಿ ಎಂದು ಕೇಳಿದರೆ ಮಾತ್ರ "ಫೋನ್ ಇದೆಯಲ್ಲ" ಎಂದು ಅಲ್ಲಿಗೇ ಮುಗಿಸುತ್ತಾರೆ. ಪಶ್ಚಿಮ ಘಟ್ಟದ ಕಾಡಿಗೆ ಹೋಗುವವರು ಮೊದಲು ಕೂತು ಯೋಚಿಸಬೇಕಾದದ್ದು ಇದನ್ನೇ.

ನಮ್ಮ ಗುಡ್ಡಗಳಲ್ಲಿ ದಾರಿ ತಪ್ಪುವುದಕ್ಕೆ ನಮ್ಮವೇ ಆದ ಕಾರಣಗಳಿವೆ. ಕುದುರೆಮುಖ, ಪುಷ್ಪಗಿರಿ, ಬಲ್ಲಾಳರಾಯನ ದುರ್ಗದ ಕಡೆ ಬೆಟ್ಟದ ನೆತ್ತಿ, ಮೈಯೆಲ್ಲ ಹುಲ್ಲು; ನೀರು ಹರಿಯುವ ಮಡಿಲುಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಹುಲ್ಲಿನಲ್ಲಿ ಮನುಷ್ಯರು ನಡೆದ ಜಾಡು, ದನದ ಜಾಡು, ಕಾಟಿಗಳ (ಕಾಡುಕೋಣಗಳ) ಜಾಡು ಎಲ್ಲವೂ ಒಂದೇ ಥರ ಕಾಣುತ್ತವೆ. ಬಿಸಿಲಿದ್ದಾಗ ಎದುರಿನ ಗುಡ್ಡ ನೋಡಿಕೊಂಡು ಹೋಗಬಹುದು, ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿರುವವರೂ ಕಾಣುವುದಿಲ್ಲ. ಶೋಲಾ ಒಳಗೆ ಹೊಕ್ಕರೆ ಇನ್ನೊಂದು ತಾಪತ್ರಯ: ಒಂದು ಮಳೆಗಾಲ ಕಳೆದರೆ ಜಾಡಿನ ಮೇಲೆ ಮರ ಬಿದ್ದಿರುತ್ತದೆ, ಜನ ಸುತ್ತು ಹಾಕಿ ಹೊಸ ಜಾಡು ಮಾಡಿರುತ್ತಾರೆ, ಅದು ಇನ್ನೆಲ್ಲೋ ಹೋಗಿ ಕೊನೆಯಾಗಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯ ಪಡುವಣದ ಅಂಚು. ಪೂರ್ವಕ್ಕೆ ನೆಲ ನಿಧಾನಕ್ಕೆ ಇಳಿದು ಕಾಫಿ ತೋಟ, ಗದ್ದೆ, ಊರು ಸಿಗುತ್ತದೆ. ಪಶ್ಚಿಮಕ್ಕೆ ಒಮ್ಮೆಲೇ ನೂರಾರು ಮೀಟರ್ ಕಡಿದಾದ ಕಮರಿ.

ಕೈಯಲ್ಲಿ ಏನಿರಬೇಕು ಎಂದು ಆರಿಸುವಾಗ "ಯಾವುದು ಒಳ್ಳೆಯದು" ಎಂದು ಕೇಳಿ ಹೆಚ್ಚು ಪ್ರಯೋಜನವಿಲ್ಲ. ಪ್ರತಿಯೊಂದೂ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಯಾವುದು ಯಾವಾಗ ಕೈಕೊಡುತ್ತದೆ ಎಂದು ತಿಳಿದುಕೊಂಡು, ಒಂದೇ ಕಾರಣಕ್ಕೆ ಒಟ್ಟಿಗೇ ಕೆಡದಂಥ ಎರಡನ್ನು ಇಟ್ಟುಕೊಳ್ಳಬೇಕು. ಎರಡು ಫೋನ್ ಇಟ್ಟುಕೊಂಡರೆ ಎರಡೂ ಒಂದೇ ಮಳೆಯಲ್ಲಿ ನೆನೆಯುತ್ತವೆ.

ಗೈಡ್ ಜೊತೆಗೋ, ನಾವೇ ಹೋಗುವುದೋ

ಕೆಲವು ಕಡೆ ಈ ಪ್ರಶ್ನೆಯೇ ಇಲ್ಲ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಗೈಡನ್ನು ಜೊತೆಗೆ ಕಳಿಸುತ್ತಾರೆ, ಬೆಳಿಗ್ಗೆ ಹೋದವರು ಸಂಜೆಯೊಳಗೆ ಇಳಿದು ಬರಬೇಕು, ಮೇಲೆ ತಂಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿ, ಆಮೇಲೆ ಅರಣ್ಯ ವಿಹಾರ ಜಾಲತಾಣದ ಮೂಲಕ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಹಾಕಿತು. ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ನುಗ್ಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಅನುಮತಿ ಪಡೆಯುವುದರಲ್ಲಿ ನಮ್ಮ ಸುರಕ್ಷತೆಯೇ ಇದೆ: ಚೆಕ್‌ಪೋಸ್ಟಿನ ಪುಸ್ತಕದಲ್ಲಿ ನಿಮ್ಮ ಹೆಸರು ಇದ್ದರೆ, ಸಂಜೆ ನೀವು ಬಂದಿಲ್ಲ ಎಂದು ಗೊತ್ತಾಗುವವರು ಒಬ್ಬರಾದರೂ ಇರುತ್ತಾರೆ. ಕದ್ದು ಹೋದವರನ್ನು ಹುಡುಕಬೇಕು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ಗೈಡ್ ಕಡ್ಡಾಯವಲ್ಲದ ಕಡೆಯೂ, ಆ ಬೆಟ್ಟಕ್ಕೆ ಹೊಸಬರಾಗಿದ್ದರೆ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ ಎಂದೇ ನಾನು ಹೇಳುವುದು. ದಾರಿ ತೋರಿಸುವುದು ಅವರ ಕೆಲಸದಲ್ಲಿ ಅರ್ಧ ಮಾತ್ರ. ಬಿಸಲೆ ಕಡೆಯ ಕಾಡಿನಲ್ಲಿ ನಮ್ಮ ಜೊತೆ ಬಂದಿದ್ದವರು ಒಂದು ತಿರುವಿನಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಪಕ್ಕದಲ್ಲಿ ಒಂದು ಬೈನೆ ಮರ ಸೀಳಿ ಬಿದ್ದಿತ್ತು. ಬಗ್ಗಿ ಅದರ ತಿರುಳನ್ನು ಬೆರಳಿನಿಂದ ಒತ್ತಿ ನೋಡಿದರು. ತಿರುಳು ಬೆಳ್ಳಗಿತ್ತು, ಕಪ್ಪಾಗಿರಲಿಲ್ಲ, ಇನ್ನೂ ನೀರು ಜಿನುಗುತ್ತಿತ್ತು. "ಈಗ ಹೋಗಿದ್ದೇ ಸಾರ್. ಮಾತು ಬೇಡ, ಹಿಂದೆ ಬನ್ನಿ" ಎಂದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ನಮ್ಮ ವಾಸನೆ ಆನೆಯ ಕಡೆಗೆ ಹೋಗದ ಹಾಗೆ ದೊಡ್ಡ ಸುತ್ತು ಹಾಕಿಸಿದರು. ನಕ್ಷೆಯಲ್ಲಿ ನಮ್ಮ ಜಾಡು ಸರಿಯಾಗಿಯೇ ಇತ್ತು. ಆ ಜಾಡಿನಲ್ಲಿ ಆ ಹೊತ್ತಿಗೆ ಯಾರಿದ್ದಾರೆ ಎಂದು ಯಾವ ನಕ್ಷೆಯೂ ಹೇಳುವುದಿಲ್ಲ.

ಹಾಗಂತ ಗೈಡ್ ಎಂದು ಹೇಳಿಕೊಳ್ಳುವವರೆಲ್ಲ ಒಂದೇ ಅಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ಗುಂಪು ಕರೆದುಕೊಂಡು ಬರುವ ಟ್ರೆಕ್ ಲೀಡರ್ ಬೇರೆ, ಆ ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದ ಮಲೆಕುಡಿಯ ಸಮುದಾಯದವರು, ಇಲ್ಲವೇ ಇಲಾಖೆಯ ವಾಚರ್ ಬೇರೆ. ಮೊದಲಿನವರು ಗುಂಪು ಸಂಭಾಳಿಸುವುದರಲ್ಲಿ, ಪ್ರಥಮ ಚಿಕಿತ್ಸೆಯಲ್ಲಿ ಪಳಗಿರಬಹುದು. ಮಂಜು ಬಂದಾಗ ಎರಡನೆಯವರೇ ಬೇಕು. ಕಂಪನಿಯ ಜೊತೆ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಮೂರು ಮಾತು ಕೇಳಿ. ಇಲಾಖೆಯ ಅನುಮತಿ ಯಾರ ಹೆಸರಿನಲ್ಲಿದೆ? ಊರಿನ ಗೈಡ್ ಬರುತ್ತಾರಾ? ಗುಂಪಿನ ಕೊನೆಯಲ್ಲಿ ಯಾರು ನಡೆಯುತ್ತಾರೆ? ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ದೊಡ್ಡ ಗುಂಪಿನಲ್ಲಿ ಕಳೆದುಹೋಗುವವರು ಹೆಚ್ಚಾಗಿ ಹಿಂದೆ ಉಳಿದವರು. ಮುಂದಿನವರು ಕವಲಿನಲ್ಲಿ ಎಡಕ್ಕೆ ತಿರುಗಿರುತ್ತಾರೆ, ಹಿಂದಿನವರು ಶೂ ಲೇಸ್ ಕಟ್ಟಿಕೊಂಡು ಎದ್ದು ನೇರ ಹೋಗಿರುತ್ತಾರೆ.

ಗೈಡ್ ಕೈಕೊಡುವುದು ಹೀಗೆ: ಅವರು ಒಬ್ಬರೇ, ನೀವು ಅವರಿಂದ ದೂರವಾದ ಕ್ಷಣದಿಂದ ನಿಮ್ಮ ಬಳಿ ಏನೂ ಇಲ್ಲ. ಅದಕ್ಕೇ ಗೈಡ್ ಇದ್ದರೂ ಫೋನಿನಲ್ಲಿ ನಕ್ಷೆ ಇರಲಿ.

ಫೋನಿನ ನಕ್ಷೆ

ಮೊದಲು ಒಂದು ತಪ್ಪು ಕಲ್ಪನೆ. ಟವರ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಜಿಪಿಎಸ್ ಸಿಗ್ನಲ್ ಬರುವುದು ಉಪಗ್ರಹದಿಂದ, ಅದಕ್ಕೆ ಸಿಮ್ಮೂ ಬೇಡ, ಡೇಟಾವೂ ಬೇಡ. ನೆಟ್‌ವರ್ಕ್ ಇಲ್ಲದಾಗ ಸಿಗದೆ ಹೋಗುವುದು ನಕ್ಷೆಯ ಚಿತ್ರ. ನೀಲಿ ಚುಕ್ಕಿ ಇರುತ್ತದೆ, ಸುತ್ತ ಬರೀ ಬೂದು ಬಣ್ಣ. ಮನೆಯಲ್ಲೇ ನಕ್ಷೆ ಇಳಿಸಿಕೊಂಡರೆ ಈ ತೊಂದರೆ ಇಲ್ಲ. ಇನ್ನೊಂದು ವಿಷಯ: ಫೋನ್ ಸಾಮಾನ್ಯವಾಗಿ ಉಪಗ್ರಹಗಳ ಸ್ಥಾನದ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ತಂದು ಬೇಗ ಜಾಗ ಗುರುತಿಸುತ್ತದೆ. ಕಾಡಿನ ಮಧ್ಯೆ ಮೊದಲ ಸಲ ಆನ್ ಮಾಡಿದರೆ ಕೆಲವು ನಿಮಿಷ ಕಾಯಿಸಬಹುದು. ಆದ್ದರಿಂದ ಊರಿನಲ್ಲಿ ಸಿಗ್ನಲ್ ಇರುವಾಗಲೇ ಆಪ್ ತೆರೆದು ಚುಕ್ಕಿ ಕೂತಿದೆಯಾ ನೋಡಿಕೊಂಡು ಹೊರಡಿ.

ಆಪ್‌ಗಳಲ್ಲಿ ಯಾವುದು? ಗೂಗಲ್ ಮ್ಯಾಪ್ಸ್ ಊರಿಗೆ ಹೋಗುವವರೆಗೆ ಸಾಕು. ಆಫ್‌ಲೈನ್ ಇಳಿಸಿಕೊಂಡರೂ ಅದರಲ್ಲಿ ನಡೆಯುವ ದಾರಿಯ ಸೂಚನೆ ಸಿಗುವುದಿಲ್ಲ, ಕಾಡಿನ ಕಾಲುದಾರಿಗಳು ಹೆಚ್ಚಾಗಿ ಇರುವುದೂ ಇಲ್ಲ. ಆರ್ಗಾನಿಕ್ ಮ್ಯಾಪ್ಸ್ ಮತ್ತು ಓಸ್ಮ್ಆಂಡ್ ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸುತ್ತವೆ. ಆರ್ಗಾನಿಕ್ ಮ್ಯಾಪ್ಸ್ ಹಗುರ, ಉಚಿತ, ಕಲಿಯಲು ಸುಲಭ. ಹೊಸಬರಿಗೆ ನನ್ನ ಆಯ್ಕೆ ಅದೇ. ಓಸ್ಮ್ಆಂಡ್‌ನಲ್ಲಿ ಸೌಲಭ್ಯ ಜಾಸ್ತಿ, ಗೊಂದಲವೂ ಜಾಸ್ತಿ; ಒಂದು ವಾರ ಮನೆ ಸುತ್ತಮುತ್ತ ಓಡಾಡಿ ಕೈ ಪಳಗಿಸಿಕೊಂಡವರಿಗೆ ಅದು ಒಳ್ಳೆಯದು. ವಿಕಿಲಾಕ್ ಬೇರೆ ಥರದ್ದು. ಅಲ್ಲಿ ಸಿಗುವುದು ಬೇರೆಯವರು ನಡೆದು ಉಳಿಸಿಟ್ಟ ಜಾಡು.

ಈ ಜಾಡುಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಈಚೆಗೆ ಜನ ಇವನ್ನೇ ಕಣ್ಣು ಮುಚ್ಚಿ ನಂಬುತ್ತಿದ್ದಾರೆ. ಒಬ್ಬರ ಜಿಪಿಎಕ್ಸ್ ಫೈಲ್ ಎಂದರೆ ಒಂದು ದಿನ ಒಬ್ಬ ಮನುಷ್ಯ ನಡೆದ ಗೆರೆ, ಅಷ್ಟೆ. ಆತ ದಾರಿ ತಪ್ಪಿ ಸುತ್ತಾಡಿದ್ದರೆ ಆ ಸುತ್ತಾಟವೂ ಅದರಲ್ಲಿರುತ್ತದೆ. ಬೇಸಿಗೆಯಲ್ಲಿ ಒಣಗಿದ ಹಳ್ಳ ದಾಟಿದ್ದರೆ ಅಕ್ಟೋಬರಿನಲ್ಲಿ ಅಲ್ಲಿ ಎದೆಮಟ್ಟ ನೀರಿರಬಹುದು. ಅನುಮತಿಯಿಲ್ಲದ ಕಾಡಿನಲ್ಲಿ ನಡೆದಿದ್ದರೂ ಫೈಲಿನಲ್ಲಿ ಹಾಗೆಂದು ಬರೆದಿರುವುದಿಲ್ಲ. ಕನಿಷ್ಠ ಎರಡು ಮೂರು ಜನರ, ನೀವು ಹೋಗುವ ಕಾಲದ್ದೇ ಜಾಡುಗಳನ್ನು ಇಳಿಸಿಕೊಂಡು ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲ ಗೆರೆಗಳೂ ಕೂಡಿರುವಲ್ಲಿ ದಾರಿ ಸ್ಪಷ್ಟವಿದೆ ಎಂದರ್ಥ. ಗೆರೆಗಳು ಚದುರಿರುವಲ್ಲಿ ಎಲ್ಲರೂ ತಡಕಾಡಿದ್ದಾರೆ; ಆ ಜಾಗವನ್ನು ಗುರುತು ಮಾಡಿಕೊಳ್ಳಿ, ಅಲ್ಲಿಗೆ ಬಂದಾಗ ನಿಧಾನಿಸಿ.

ನಿಖರತೆಗೂ ಮಿತಿಯಿದೆ. ಬಯಲಿನಲ್ಲಿ ಫೋನ್ ಸುಮಾರು 5 ಮೀಟರಿನೊಳಗೆ ನಿಮ್ಮ ಜಾಗ ತೋರಿಸುತ್ತದೆ. ಒದ್ದೆ ಎಲೆಗಳ ದಟ್ಟ ಚಪ್ಪರದ ಕೆಳಗೆ, ಕಡಿದಾದ ಕಣಿವೆಯಲ್ಲಿ ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುತ್ತದೆ, ಚುಕ್ಕಿ ಹತ್ತಾರು ಮೀಟರ್ ಆಚೀಚೆ ಹಾರುತ್ತದೆ. ಹುಲ್ಲುಗಾವಲಿನಲ್ಲಿ ಅದರಿಂದ ತೊಂದರೆಯಿಲ್ಲ. ಬಂಡಾಜೆ ಜಲಪಾತದ ತಲೆಯ ಹತ್ತಿರ, ಮಂಜಿನಲ್ಲಿ, ಹತ್ತಾರು ಮೀಟರ್ ಎಂದರೆ ಜೀವದ ಪ್ರಶ್ನೆ. ಅಂಚಿನ ಬಳಿ ಚುಕ್ಕಿಯನ್ನು ನಂಬಬೇಡಿ, ಕಣ್ಣಿಗೆ ನೆಲ ಕಂಡರೆ ಮಾತ್ರ ಹೆಜ್ಜೆ ಇಡಿ.

ಫೋನ್ ಕೈಕೊಡುವುದು ಮುಖ್ಯವಾಗಿ ನೀರಿಗೆ ಮತ್ತು ಬ್ಯಾಟರಿಗೆ. ಜಡಿಮಳೆಯಲ್ಲಿ ಪರದೆಯ ಮೇಲೆ ನೀರು ನಿಂತರೆ ಬೆರಳಿಗೆ ಅದು ಸ್ಪಂದಿಸುವುದೇ ಇಲ್ಲ. ಜೂಮ್ ಮಾಡಲು ಹೋದರೆ ಇನ್ನೇನೋ ತೆರೆದುಕೊಳ್ಳುತ್ತದೆ. ಟವರ್ ಹುಡುಕುತ್ತಾ ಹುಡುಕುತ್ತಾ ಬ್ಯಾಟರಿ ಖಾಲಿಯಾಗುತ್ತದೆ. ಹತ್ತಲು ಶುರುಮಾಡಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ (ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತದೆ), ಫೋಟೋ, ವಿಡಿಯೋಗೆ ಬೇರೆಯವರ ಫೋನ್ ಬಳಸಿ. ಪವರ್ ಬ್ಯಾಂಕಿನ ಜೊತೆ ಕೇಬಲ್ಲನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಚಾರ್ಜಿಂಗ್ ತೂತಿನಲ್ಲಿ ತೇವ ಇದ್ದರೆ ಎಷ್ಟೋ ಫೋನ್‌ಗಳು ಚಾರ್ಜ್ ಆಗುವುದೇ ಇಲ್ಲ.

ಕಾಗದದ ನಕ್ಷೆ ಮತ್ತು ದಿಕ್ಸೂಚಿ

ಇದನ್ನು ಹಳೆಯ ಕಾಲದ್ದು ಎಂದು ಬದಿಗಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫೋನ್ ಯಾವ ಕಾರಣಕ್ಕೆ ಕೆಡುತ್ತದೋ ಆ ಯಾವ ಕಾರಣಕ್ಕೂ ಇವು ಕೆಡುವುದಿಲ್ಲ, ಜೋಡಿಯಾಗಿ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ.

ನಕ್ಷೆ ಸಿಗುವುದು ಕಷ್ಟವೇನಲ್ಲ. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಓಪನ್ ಸೀರೀಸ್ ನಕ್ಷೆಗಳನ್ನು ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ಇದರಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ. ನಿಮಗೆ ಬೇಕಾದ ಭಾಗವನ್ನು ಮಾತ್ರ ಎ4 ಹಾಳೆಗೆ ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿದರೆ ಜೇಬಿನಲ್ಲಿಟ್ಟು ಮಳೆಯಲ್ಲೂ ನೋಡಬಹುದು. ಕಾಲುದಾರಿಗಳ ಮಟ್ಟಿಗೆ ಈ ನಕ್ಷೆಗಳು ಹಳತಾಗಿವೆ, ಅದನ್ನು ಒಪ್ಪಬೇಕು. ಗುಡ್ಡ, ಹಳ್ಳ, ಕಣಿವೆ ಜಾಗ ಬದಲಿಸಿಲ್ಲವಲ್ಲ, ನೀವು ಓದಬೇಕಾದದ್ದು ಅವನ್ನೇ.

ಸಮೋನ್ನತಿ ರೇಖೆ ಓದುವುದು ಬರದಿದ್ದರೆ ಉಳಿದದ್ದೆಲ್ಲ ವ್ಯರ್ಥ. ರೇಖೆಗಳು ಒತ್ತಾಗಿ ಬಂದಷ್ಟೂ ಇಳಿಜಾರು ಕಡಿದು. ವಿ ಆಕಾರದ ತುದಿ ಎತ್ತರದ ಕಡೆ ಚೂಪಾಗಿದ್ದರೆ ಅದು ಹಳ್ಳದ ಮಡಿಲು, ತಗ್ಗಿನ ಕಡೆ ಚಾಚಿದ್ದರೆ ಅದು ಬೆಟ್ಟದ ಏಣು. ಘಟ್ಟದಲ್ಲಿ ಏಣು ಹಿಡಿದು ನಡೆಯುವುದೇ ಸಾಮಾನ್ಯವಾಗಿ ಸುರಕ್ಷಿತ: ಹುಲ್ಲು, ಗಾಳಿ, ನೋಟ ಸಿಗುತ್ತದೆ, ಪೊದೆ ಕಡಿಮೆ, ದಾರಿ ತಪ್ಪಿದರೂ ಹಿಂದಕ್ಕೆ ಬರುವುದು ಸುಲಭ.

ದಿಕ್ಸೂಚಿಯನ್ನು ಜನ ದಾರಿ ತಪ್ಪಿದ ಮೇಲೆ ಹೊರತೆಗೆಯುತ್ತಾರೆ. ಅದರ ಕೆಲಸ ಅದಕ್ಕೂ ಮೊದಲೇ ಇದೆ. ಹುಲ್ಲಿನ ನೆತ್ತಿಯ ಮೇಲೆ ನಿಂತಿದ್ದೀರಿ, ಕೆಳಗೆ ಪಡುವಣದಿಂದ ಮಂಜು ಏಳುತ್ತಿದೆ, ಇನ್ನು ಹತ್ತು ನಿಮಿಷದಲ್ಲಿ ಇಲ್ಲಿಗೆ ಬರುತ್ತದೆ ಎಂದುಕೊಳ್ಳಿ. ಮುಂದೆ ಸೇರಬೇಕಾದ ಕಾಡಿನ ಬಾಯಿ ಈಗ ಕಣ್ಣಿಗೆ ಕಾಣುತ್ತಿದೆ. ದಿಕ್ಸೂಚಿಯ ಬಾಣವನ್ನು ಅದಕ್ಕೆ ಗುರಿಯಿಟ್ಟು, ಡಿಗ್ರಿ ಬರೆದ ಬಟ್ಟಲು ತಿರುಗಿಸಿ ಕೆಂಪು ಸೂಜಿಯನ್ನು ಉತ್ತರದ ಗುರುತಿಗೆ ಸೇರಿಸಿ, ಬಂದ ಡಿಗ್ರಿಯನ್ನು ಬರೆದಿಟ್ಟುಕೊಳ್ಳಿ. 70 ಎಂದು ಬಂತು ಎನ್ನೋಣ. ಮಂಜು ಕವಿದ ಮೇಲೂ ಆ 70ರ ಗೆರೆಯಲ್ಲಿ ಹತ್ತಿರದ ಒಂದು ಕಲ್ಲು ಆರಿಸಿ ಅಲ್ಲಿಗೆ ನಡೆಯುವುದು, ಅಲ್ಲಿಂದ ಮುಂದಿನ ಕಲ್ಲು. ವಾಪಸ್ ಬರಬೇಕಾದರೆ 180 ಕೂಡಿಸಿ 250. ಕಲ್ಲೂ ಕಾಣದಷ್ಟು ಮಂಜಿದ್ದರೆ ಜೊತೆಗಾರರನ್ನು ಮಾತು ಕೇಳುವಷ್ಟು ದೂರ ಮುಂದೆ ಕಳಿಸಿ, ಗೆರೆಯಲ್ಲಿ ನಿಲ್ಲಿಸಿ, ನೀವು ಅವರನ್ನು ಸೇರಿ. ನಿಧಾನ ನಿಜ, ಆದರೆ ತಪ್ಪುವುದಿಲ್ಲ.

ಕರ್ನಾಟಕದವರಿಗೆ ಒಂದು ಅನುಕೂಲ. ನಕ್ಷೆಯ ಉತ್ತರಕ್ಕೂ ಸೂಜಿ ತೋರಿಸುವ ಉತ್ತರಕ್ಕೂ ನಮ್ಮಲ್ಲಿ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೆ. 1 ಡಿಗ್ರಿ ತಪ್ಪಿದರೆ 1 ಕಿಲೋಮೀಟರ್ ನಡೆದ ಮೇಲೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಒಂದು ದಿನದ ಚಾರಣಕ್ಕೆ ಇದರ ಲೆಕ್ಕ ಹಾಕದಿದ್ದರೂ ನಡೆಯುತ್ತದೆ. ಅಮೆರಿಕದ ಎಷ್ಟೋ ಕಡೆ ಇದು ಹತ್ತು ಡಿಗ್ರಿ ಮೀರುತ್ತದೆ. ಅಲ್ಲಿರುವ ನಮ್ಮವರು ಇದನ್ನು ಕಡೆಗಣಿಸುವ ಹಾಗಿಲ್ಲ.

ಅನನುಕೂಲವೂ ನಮ್ಮದೇ ಇದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗಣಿಗಾರಿಕೆ ನಡೆದದ್ದು ಮ್ಯಾಗ್ನೆಟೈಟ್ ಅದಿರಿಗಾಗಿ. ಹೆಸರೇ ಹೇಳುವಂತೆ ಅದು ಸೂಜಿಯನ್ನು ಸೆಳೆಯುವ ಕಬ್ಬಿಣ. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಸಾಲಿನಲ್ಲೂ ಕಬ್ಬಿಣದ ಅದಿರಿದೆ. ಇಂಥ ಬಂಡೆಯ ಮೇಲೆ ದಿಕ್ಸೂಚಿ ಇಟ್ಟು ನೋಡಬೇಡಿ. ಎದೆಮಟ್ಟಕ್ಕೆ ಹಿಡಿದು ನೋಡಿ, ಇಪ್ಪತ್ತು ಹೆಜ್ಜೆ ಸರಿದು ಮತ್ತೆ ನೋಡಿ. ಎರಡೂ ಒಂದೇ ಬಂದರೆ ನಂಬಿ. ಫೋನಿನ ಒಳಗಿನ ದಿಕ್ಸೂಚಿಗೂ ಇದೇ ತೊಂದರೆ ಇದೆ. ಫೋನ್, ಪವರ್ ಬ್ಯಾಂಕ್ ಎರಡನ್ನೂ ಸೂಜಿಯಿಂದ ದೂರ ಇಡಿ.

ಕೈ ಜಿಪಿಎಸ್, ವಾಚು, ಉಪಗ್ರಹ ಸಾಧನ

ಗಾರ್ಮಿನ್ ಇಟ್ರೆಕ್ಸ್ ಥರದ ಕೈ ಜಿಪಿಎಸ್‌ಗೆ ಬಟನ್ ಇರುತ್ತದೆ, ಮಳೆಗೆ ಹೆದರುವುದಿಲ್ಲ, ಹಲವು ಮಾದರಿಗಳು ಎಎ ಸೆಲ್ಲಿನಲ್ಲಿ ನಡೆಯುತ್ತವೆ. ಸೆಲ್ಲು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಆ ದುಡ್ಡು ದಂಡ. ಗುಂಪು ಕರೆದುಕೊಂಡು ಹೋಗುವವರಿಗೆ, ಕಾಡಿನಲ್ಲಿ ಸರ್ವೆ ಕೆಲಸ ಮಾಡುವವರಿಗೆ ಬೇಕೇಬೇಕು. ಜಿಪಿಎಸ್ ವಾಚು ನಡೆದ ಜಾಡನ್ನೇ ಹಿಡಿದು ವಾಪಸ್ ಬರಲು ಚೆನ್ನ, ಮುಂದಿನ ದಾರಿ ನೋಡಲು ಪರದೆ ಸಣ್ಣದಾಯಿತು.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳ ಮಾತು ಬೇರೆ. ಹೊರದೇಶದಲ್ಲಿರುವ ಕನ್ನಡಿಗರು ರಜಕ್ಕೆ ಬರುವಾಗ ಅಲ್ಲಿ ಬಳಸುವ ಗಾರ್ಮಿನ್ ಇನ್‌ರೀಚ್ ಅಥವಾ ಸ್ಯಾಟಲೈಟ್ ಫೋನನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥವನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿಮಾನ ನಿಲ್ದಾಣದಲ್ಲೇ ವಿದೇಶಿ ಚಾರಣಿಗರನ್ನು ತಡೆದು ಪ್ರಕರಣ ದಾಖಲಿಸಿದ್ದಿದೆ. ಯೋಸೆಮಿಟಿಯಲ್ಲೋ ಆಲ್ಪ್ಸ್‌ನಲ್ಲೋ ಅದು ಜೀವ ಉಳಿಸುವ ಸಾಧನ, ಅಲ್ಲಿ ಖಂಡಿತ ಇಟ್ಟುಕೊಳ್ಳಿ. ನಮ್ಮಲ್ಲಿ ಅದರ ಜಾಗವನ್ನು ತುಂಬುವುದು ತುರ್ತು ಕರೆಯ ನಂಬರ್ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಮಾತು ಕೇಳದಷ್ಟು ಸಿಗ್ನಲ್ ಕ್ಷೀಣವಾಗಿದ್ದಾಗಲೂ ಎಸ್‌ಎಂಎಸ್ ಹೋಗುವ ಸಾಧ್ಯತೆಯಿದೆ. ನಿಮ್ಮ ಅಕ್ಷಾಂಶ, ರೇಖಾಂಶದ ಅಂಕೆಗಳನ್ನು ಬರೆದು ಊರಲ್ಲಿರುವವರಿಗೆ ಕಳಿಸಿ. ಗುಂಪಿನಲ್ಲಿ ಒಬ್ಬರ ಬಳಿಯಾದರೂ ಬಿಎಸ್‌ಎನ್‌ಎಲ್ ಸಿಮ್ ಇರಲಿ, ಮಲೆನಾಡಿನ ಎಷ್ಟೋ ಊರಿನಲ್ಲಿ ಸಿಗುವುದು ಅದೊಂದೇ.

ಒಂದೇ ಬೆಟ್ಟ, ಎರಡು ದಾರಿ

ಸಾಧನವಷ್ಟೇ ಅಲ್ಲ, ದಾರಿ ಆರಿಸುವುದೂ ಸುರಕ್ಷತೆಯ ಮಾತೇ. 1712 ಮೀಟರ್ ಎತ್ತರದ ಕುಮಾರಪರ್ವತವನ್ನೇ ನೋಡಿ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ 1,500 ಮೀಟರಿಗೂ ಹೆಚ್ಚು ಏರು. ದಾರಿ ಮಧ್ಯೆ ಸಿಗುವ ಭಟ್ಟರ ಮನೆಯವರೆಗೆ ಕಾಡು, ಅಲ್ಲಿಂದ ಮೇಲೆ ಕಲ್ಲು ಮಂಟಪ ದಾಟಿ ಶೇಷಪರ್ವತದವರೆಗೆ ಬಹುಪಾಲು ಬೋಳು ಹುಲ್ಲುಗುಡ್ಡ. ಜನ ನಡೆದು ನಡೆದು ಜಾಡು ಸವೆದಿದೆ, ದಾರಿ ತಪ್ಪುವುದು ಕಡಿಮೆ. ಇಲ್ಲಿ ಜನರನ್ನು ಕೆಡವುವುದು ಬಿಸಿಲು, ನೀರಿನ ಕೊರತೆ, ಇಳಿಯುವಾಗ ಸೋತ ಮಂಡಿ. ಸೋಮವಾರಪೇಟೆಯ ಬೀದಳ್ಳಿ ಕಡೆಯ ದಾರಿ ದೂರದಲ್ಲಿ ಅರ್ಧದಷ್ಟು, ಏರೂ ಕಡಿಮೆ, ನೆರಳು ಹೆಚ್ಚು. ಆದರೆ ಕಾಡು ದಟ್ಟ, ಇಂಬಳದ (ಜಿಗಣೆಯ) ಕಾಟ ಹೆಚ್ಚು, ಮೇಲೆ ಬಂಡೆಯ ಹಾಸು. ಒದ್ದೆಯಾದಾಗ ಅಲ್ಲಿ ಜಾರಿದರೆ ಹಿಡಿತವಿಲ್ಲ. ದೇಹ ಗಟ್ಟಿಯಿದ್ದು ದಾರಿಯ ಅನುಭವ ಕಡಿಮೆಯಿರುವವರಿಗೆ ಕುಕ್ಕೆ ಕಡೆ ವಾಸಿ. ಮಳೆ ನಿಂತು ಬಂಡೆ ಒಣಗಿದ ಕಾಲದಲ್ಲಿ, ಗೈಡ್ ಜೊತೆಗಿದ್ದರೆ ಬೀದಳ್ಳಿ ಕಡೆ. ಕಾಡ್ಗಿಚ್ಚಿನ ತಿಂಗಳುಗಳಲ್ಲಿ, ಜೋರು ಮಳೆಯಲ್ಲಿ ಇಲಾಖೆ ದಾರಿ ಮುಚ್ಚುತ್ತದೆ, ಹೊರಡುವ ಮುನ್ನ ವಿಚಾರಿಸಿ.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಸೆಕೆಗೆ, ಬೇರು ಕಲ್ಲುಗಳ ಜಾಡಿಗೆ ಬಂದ ಉತ್ತರವನ್ನು ಒಂದೂವರೆ ಪಟ್ಟು ಮಾಡಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಶೋಲಾ ಒಳಗೆ ಕತ್ತಲು ಅದಕ್ಕೂ ಅರ್ಧ ಗಂಟೆ ಮೊದಲೇ. ಎಲ್ಲಿದ್ದರೂ ಇಷ್ಟು ಗಂಟೆಗೆ ತಿರುಗುತ್ತೇವೆ ಎಂದು ಬೆಳಿಗ್ಗೆಯೇ ನಿರ್ಧರಿಸಿ. ಶಿಖರ ಕಣ್ಣಿಗೆ ಕಾಣುತ್ತಿರುವಾಗ ಆ ನಿರ್ಧಾರ ಮಾಡಲು ಯಾರಿಂದಲೂ ಆಗುವುದಿಲ್ಲ.

ಡಿಸೆಂಬರಿನಿಂದ ಮೇ ವರೆಗೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಿಗೆ ಹೋಗುವವರು ಇಂಬಳಕ್ಕಿಂತ ಉಣುಗಿಗೆ (ಮೈಗೆ ಕಚ್ಚಿಕೊಳ್ಳುವ ಸಣ್ಣ ಹುಳ) ಹೆದರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇವುಗಳಿಂದ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಉಳಿದ ಕಡೆ ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸುವುದು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ. ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ದಾರಿ ತಪ್ಪಿದರೆ: ನಿಲ್ಲುವುದೋ, ನಡೆಯುವುದೋ

"ಹಳ್ಳ ಹಿಡಿದು ಕೆಳಗೆ ಇಳಿ, ಊರು ಸಿಗುತ್ತದೆ" ಎಂಬ ಮಾತು ಬಯಲುಸೀಮೆಯಲ್ಲಿ ಸರಿಯಿರಬಹುದು. ಘಟ್ಟದ ಪಡುವಣದ ಅಂಚಿನಲ್ಲಿ ಇದನ್ನು ಪಾಲಿಸಬೇಡಿ. ಅಲ್ಲಿ ಹಳ್ಳ ಹೋಗುವುದು ಜಲಪಾತಕ್ಕೆ. ಪಾಚಿ ಕಟ್ಟಿದ ಬಂಡೆ ಇಳಿದಿರುತ್ತೀರಿ, ಮುಂದೆ ಕಮರಿ ಬಾಯಿ ತೆರೆದಿರುತ್ತದೆ, ಇಳಿದದ್ದನ್ನು ವಾಪಸ್ ಹತ್ತಲಾಗುವುದಿಲ್ಲ. ನೀರಿನ ಸದ್ದಿನಲ್ಲಿ ನಿಮ್ಮ ಕೂಗೂ ಯಾರಿಗೂ ಕೇಳುವುದಿಲ್ಲ.

ಹಾಗಾದರೆ? ಅನುಮಾನ ಬಂದ ಕೂಡಲೇ ನಿಂತು, ನೀರು ಕುಡಿದು, ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು ಎಂದು ನೆನಪಿಸಿಕೊಳ್ಳಿ. ಅಲ್ಲಿಂದ ಅರ್ಧ ಗಂಟೆಯೊಳಗೆ ಬಂದಿದ್ದರೆ, ಬೆಳಕಿದ್ದರೆ, ಬಂದ ಜಾಡಿನಲ್ಲೇ ವಾಪಸ್ ಹೋಗಿ. ಜಾಡೇ ಸಿಗದಿದ್ದರೆ, ಮಂಜು ಅಥವಾ ಕತ್ತಲಿದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ ಅಲ್ಲೇ ಉಳಿಯುವುದು ವಾಸಿ. ನೀವು ಹೊರಟ ವಿಷಯ ಹೊರಗೆ ಯಾರಿಗಾದರೂ ಗೊತ್ತಿದ್ದಾಗ ಮಾತ್ರ ಈ ಆಯ್ಕೆಗೆ ಅರ್ಥವಿದೆ. ಗುಂಪನ್ನು ಒಡೆಯಬೇಡಿ. ಒಬ್ಬರು ದಾರಿ ನೋಡಿಕೊಂಡು ಬರುತ್ತೇನೆ ಎಂದು ಹೋದರೆ ಹುಡುಕಬೇಕಾದ ಜಾಗ ಎರಡಾಗುತ್ತದೆ.

ಕೂಗುವುದಕ್ಕಿಂತ ಸೀಟಿ ಮೇಲು; ಗಂಟಲು ಒಣಗಿದರೂ ಸೀಟಿ ಊದಬಹುದು, ದೂರಕ್ಕೂ ಕೇಳುತ್ತದೆ. ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಇದು ಬೆಟ್ಟಗಳಲ್ಲಿ ಹಲವು ದೇಶದವರು ಬಳಸುವ ಸಂಕೇತ. ಉತ್ತರ ಬಂದರೆ ನಿಮಿಷಕ್ಕೆ ಮೂರು ಕೇಳುತ್ತದೆ. ಆನೆ ಹತ್ತಿರದಲ್ಲಿದೆ ಎಂಬ ಅನುಮಾನವಿದ್ದರೆ ಸುಮ್ಮನಿರಿ. ರಾತ್ರಿ ಉಳಿಯಬೇಕಾದರೆ ನೀರಿನ ದಡ, ಪ್ರಾಣಿಗಳ ಜಾಡು ಎರಡನ್ನೂ ಬಿಟ್ಟು ಸ್ವಲ್ಪ ಎತ್ತರದಲ್ಲಿ ಕೂತುಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಕೂತರೆ ನಮ್ಮ ಬೆಟ್ಟಗಳಲ್ಲೂ ಮೈ ಸೆಟೆದುಕೊಳ್ಳುತ್ತದೆ. ಬ್ಯಾಗಿನ ತಳದಲ್ಲಿ ಒಂದು ಒಣ ಅಂಗಿ, ದೊಡ್ಡ ಪ್ಲಾಸ್ಟಿಕ್ ಹಾಳೆ ಇದ್ದರೆ ರಾತ್ರಿ ಕಳೆಯಬಹುದು. ಬೆಳಕಿಗೆ ತಲೆಗೆ ಕಟ್ಟುವ ಟಾರ್ಚ್ ಇರಲಿ, ಫೋನಿನ ಬ್ಯಾಟರಿಯನ್ನು ಅದಕ್ಕೆ ಸುರಿಯಬೇಡಿ.

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲುಗದಂತೆ ಮಾಡಿ, ಹೊತ್ತುಕೊಂಡೇ ಆಸ್ಪತ್ರೆಗೆ ಸೇರಿಸಬೇಕು. ಇಲ್ಲಿ ಸಿಗುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಕಾಳಿಂಗಕ್ಕೆ, ಘಟ್ಟದ ಕುಳಿ ಮಂಡಲಗಳಿಗೆ ಅದು ತಯಾರಾದದ್ದಲ್ಲ. ಹಾಗಾಗಿ ಕಚ್ಚಿಸಿಕೊಳ್ಳದಿರುವುದೇ ದೊಡ್ಡದು: ಕೈ ಇಡುವ ಮುನ್ನ ಬಂಡೆ, ಕೊಂಬೆ ನೋಡಿ. ಹಸಿರು ಎಲೆಗಳ ನಡುವೆ ಕೂತ ಕುಳಿ ಮಂಡಲ ಗಂಟೆಗಟ್ಟಲೆ ಕದಲುವುದಿಲ್ಲ.

ಯಾರಿಗೆ ಯಾವ ಜೋಡಿ

ಮೊದಲ ಸಲ ಹೋಗುವವರು, ಮಕ್ಕಳೊಂದಿಗೆ ಹೋಗುವವರು: ಊರಿನ ಗೈಡ್, ಜೊತೆಗೆ ಆಫ್‌ಲೈನ್ ನಕ್ಷೆಯಿರುವ ಫೋನ್. ಗೈಡ್ ತೋರಿಸುವ ತಿರುವುಗಳನ್ನು ಫೋನಿನಲ್ಲಿ ನೋಡುತ್ತಾ ಬನ್ನಿ, ಕಲಿಯುವುದಕ್ಕೂ ಅದೇ ದಾರಿ. ಪರಿಚಯದ ಬೆಟ್ಟಕ್ಕೆ ಸ್ನೇಹಿತರೊಂದಿಗೆ ಹೋಗುವವರು: ಫೋನ್, ಲ್ಯಾಮಿನೇಟ್ ಮಾಡಿಸಿದ ನಕ್ಷೆ, ದಿಕ್ಸೂಚಿ. ದಿಕ್ಸೂಚಿ ಹಿಡಿಯಲು ಕನಿಷ್ಠ ಇಬ್ಬರಿಗೆ ಬರಬೇಕು, ಒಬ್ಬರಿಗೇ ಬಂದರೆ ಕಾಲು ಉಳುಕುವುದು ಅವರದೇ ಆಗಬಹುದು. ಮಳೆಗಾಲದಲ್ಲಿ, ಅನುಮತಿಯಿರುವ ದಾರಿಯಲ್ಲೂ: ಗೈಡ್ ಇಲ್ಲದೆ ಬೇಡ, ಫೋನನ್ನು ಇಲ್ಲ ಎಂದೇ ಲೆಕ್ಕ ಹಾಕಿ ಕಾಗದ ಇಟ್ಟುಕೊಳ್ಳಿ. ಒಬ್ಬರೇ ಹೋಗುವವರಿಗೆ ಆನೆ ಇರುವ ಕಾಡಿನಲ್ಲಿ ನನ್ನ ಬಳಿ ಯಾವ ಜೋಡಿಯೂ ಇಲ್ಲ. ಹೋಗಬೇಡಿ.

ಎಲ್ಲರೂ ಮಾಡಬೇಕಾದ ಒಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ಯಾವ ಊರಿನಿಂದ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ, ಎಷ್ಟು ಜನ, ಗೈಡಿನ ಹೆಸರು ಮತ್ತು ನಂಬರ್, ಬಿಟ್ಟುಹೋದ ಗಾಡಿಯ ನಂಬರ್, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ, ಎಷ್ಟು ಗಂಟೆಯಾದರೂ ಮಾಡದಿದ್ದರೆ 112ಕ್ಕೆ ತಿಳಿಸಬೇಕು: ಇಷ್ಟನ್ನು ಬರೆದು ಒಂದು ಪ್ರತಿ ಮನೆಯವರಿಗೆ, ಇನ್ನೊಂದು ಹತ್ತುವ ಊರಿನಲ್ಲಿ ಊಟಕ್ಕೋ ಜೀಪಿಗೋ ಹೇಳಿದ ಮನೆಯವರಿಗೆ ಕೊಡಿ. ಮಧ್ಯದಲ್ಲಿ ಇಳಿಯುವ ದಾರಿ ಬದಲಿಸಿದರೆ, ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲೇ ಅವರಿಬ್ಬರಿಗೂ ತಿಳಿಸಿ.